ಸೆಕೆಂಡ್ ಪಿಯುಸಿ ಕ್ಯಾಲ್ಕುಲಸ್: ರಜೆಯಲ್ಲಿ ಮುಂದಕ್ಕೆ ಓಡಬೇಡ, ಹಿಂದಿನದನ್ನು ಗಟ್ಟಿ ಮಾಡಿಕೋ

ಪ್ರಶ್ನೆ: ಸರ್, ನಾನು ಯಾದಗಿರಿ ಜಿಲ್ಲೆಯ ಶಹಾಪುರ ಕಡೆಯವಳು. ಹತ್ತನೇ ತರಗತಿ ತನಕ ಕನ್ನಡ ಮೀಡಿಯಂ. ಈಗ ಕಲಬುರಗಿಯಲ್ಲಿ ಹಾಸ್ಟೆಲ್‌ನಲ್ಲಿದ್ದು ಫಸ್ಟ್ ಪಿಯುಸಿ ಸೈನ್ಸ್ ಮುಗಿಸಿದ್ದೇನೆ. ಗಣಿತದಲ್ಲಿ 61 ಬಂತು. ಲಿಮಿಟ್ಸ್ ಪಾಠ ನಡೆಯುವಾಗ ಜ್ವರ ಬಂದು ಊರಿಗೆ ಹೋಗಿದ್ದೆ, ಅದು ಪೂರ್ತಿ ತಪ್ಪಿಹೋಯಿತು. ಮುಂದಿನ ವರ್ಷ ಗಣಿತದಲ್ಲಿ ಕ್ಯಾಲ್ಕುಲಸ್ಸೇ ಜಾಸ್ತಿ ಅಂತ ಸೀನಿಯರ್ಸ್ ಹೆದರಿಸುತ್ತಿದ್ದಾರೆ. ರಜೆಯಲ್ಲಿ ಇಂಟಿಗ್ರೇಷನ್ ಕ್ರ್ಯಾಶ್ ಕೋರ್ಸ್ ಸೇರಬೇಕಾ? ಬೋರ್ಡ್ ಪರೀಕ್ಷೆಗೆ ಬೇರೆ, ಸಿಇಟಿಗೆ ಬೇರೆ ಓದಬೇಕಾ? ಮನೆಯಲ್ಲಿ ಹಳೇ ಗೈಡ್ ಒಂದಿದೆ, ಅದು ಸಾಕಾಗುತ್ತದಾ?

ಉತ್ತರ: ಕ್ರ್ಯಾಶ್ ಕೋರ್ಸ್ ಈಗ ಬೇಡ ತಂಗಿ. ಆ ದುಡ್ಡು ಉಳಿಸು. ಕಾರಣ ಹೇಳುತ್ತೇನೆ.

ಕ್ಯಾಲ್ಕುಲಸ್‌ನಲ್ಲಿ ಮಾರ್ಕ್ಸ್ ಹೋಗುವುದು ಕ್ಯಾಲ್ಕುಲಸ್ ಬಾರದ್ದಕ್ಕೆ ಅಲ್ಲ. ಫಾರ್ಮುಲಾಗಳು ಹೆಚ್ಚಿನವರಿಗೆ ಬಾಯಿಪಾಠ ಇರುತ್ತವೆ. ಉತ್ತರಪತ್ರಿಕೆ ತಿದ್ದಲು ಕೂತಾಗ ಕಾಣುವ ಚಿತ್ರವೇ ಬೇರೆ. ಮೊದಲ ಸಾಲಿನಲ್ಲಿ ಡಿಫರೆನ್ಷಿಯೇಷನ್ ಸರಿಯಾಗಿಯೇ ಇರುತ್ತದೆ. ಮೂರನೇ ಸಾಲಿನಲ್ಲಿ ಒಂದು ಮೈನಸ್ ಮಾಯ. ಐದನೇ ಸಾಲಿನಲ್ಲಿ ಬ್ರ್ಯಾಕೆಟ್ ಬಿಡಿಸುವಾಗ ಎಡವಟ್ಟು. ಅಲ್ಲಿಗೆ ಲೆಕ್ಕ ಹಳ್ಳ ಹಿಡಿಯಿತು. ಅಂದರೆ ಕೈಕೊಟ್ಟದ್ದು ಫಸ್ಟ್ ಪಿಯುಸಿ, ಇನ್ನೂ ಹಿಂದಕ್ಕೆ ಹೋದರೆ ಒಂಬತ್ತನೇ ತರಗತಿಯ ಬೀಜಗಣಿತ. ಅಡಿಪಾಯ ಹೀಗಿರುವಾಗ ಏಪ್ರಿಲ್‌ನಲ್ಲೇ ಇಂಟಿಗ್ರೇಷನ್ ಕಲಿತರೆ, ಅದೇ ತಪ್ಪುಗಳನ್ನು ಇನ್ನೂ ಬೇಗ ಮಾಡುವುದನ್ನು ಕಲಿಯುತ್ತೀಯ ಅಷ್ಟೇ.

ನಿನ್ನ ಪರಿಸ್ಥಿತಿ ಹೇಗಿದೆ ಅಂತ ನೀನೇ ನೋಡಿಕೋ. ಒಂದು ಹಾಳೆ ತೆಗೆದುಕೋ, ಪುಸ್ತಕ ಮುಚ್ಚಿಡು, ಫೋನ್ ದೂರ ಇಡು. √(ಎಕ್ಸ್²) ಎಷ್ಟು? ಎಫ್(ಎಕ್ಸ್) = ಎಕ್ಸ್² + 3 ಆದರೆ ಎಫ್(ಎಕ್ಸ್ + ಎಚ್) ಎಷ್ಟು? 1/(ಎಕ್ಸ್ + ಎಚ್) ಯಿಂದ 1/ಎಕ್ಸ್ ಕಳೆದರೆ ಏನು ಉಳಿಯುತ್ತದೆ? ಎಕ್ಸ್³ − 8 ಅನ್ನು ಅಪವರ್ತಿಸಿದರೆ ಏನು ಬರುತ್ತದೆ? ಕಾಸ್ 2ಥೀಟಾಗೆ ಮೂರು ರೂಪಗಳಿವೆ, ಮೂರನ್ನೂ ಬರೆ. ಕೊನೆಗೆ ಲಾಗ್ ಎಕ್ಸ್‌ನ ಗ್ರಾಫ್ ಕೈಯಿಂದ ಬಿಡಿಸು, ಅದು ಎಕ್ಸ್ ಅಕ್ಷವನ್ನು ಎಲ್ಲಿ ದಾಟುತ್ತದೆ ಅಂತ ಗುರುತು ಹಾಕು.

ಮೊದಲನೆಯದಕ್ಕೆ 'ಎಕ್ಸ್' ಅಂತ ಬರೆದೆಯಾ? ತಪ್ಪು. ಎಕ್ಸ್ ಜಾಗದಲ್ಲಿ −5 ಹಾಕಿ ನೋಡು, ಬರುವುದು 5. ಹಾಗಾಗಿ ಉತ್ತರ ಮಾಡ್ಯುಲಸ್ ಎಕ್ಸ್. ಎರಡನೆಯದಕ್ಕೆ 'ಎಕ್ಸ್² + 3 + ಎಚ್' ಅಂತ ಬರೆಯುವವರು ಪ್ರತಿ ಬ್ಯಾಚ್‌ನಲ್ಲೂ ಇರುತ್ತಾರೆ. ಇವರಿಗೆ ಡೆರಿವೇಟಿವ್‌ನ ವ್ಯಾಖ್ಯೆಯೇ ಕೈಗೆ ಹತ್ತುವುದಿಲ್ಲ, ಯಾಕೆಂದರೆ ಅದು ಶುರುವಾಗುವುದೇ ಎಫ್(ಎಕ್ಸ್ + ಎಚ್) ಇಂದ. ಆರರಲ್ಲಿ ಮೂರು ತಪ್ಪಿದರೂ ಗಾಬರಿ ಬೇಡ. ಆದರೆ ರಜೆಯಲ್ಲಿ ಮಾಡಬೇಕಾದ ಕೆಲಸ ಯಾವುದು ಅಂತ ಗೊತ್ತಾಯಿತಲ್ಲ.

ಹಳೆ ಪಾಠ ಹೊಸ ಲೆಕ್ಕದಲ್ಲಿ ಎಷ್ಟು ಕೆಲಸ ಮಾಡುತ್ತದೆ ಅಂತ ಒಂದು ಲೆಕ್ಕ ಬಿಡಿಸಿಯೇ ತೋರಿಸುತ್ತೇನೆ. ಸೆಕೆಂಡ್ ಪಿಯುಸಿಯಲ್ಲಿ ಪದೇ ಪದೇ ಎದುರಾಗುವ ಲೆಕ್ಕ ಇದು:

ವೈ = ಟ್ಯಾನ್ ಇನ್ವರ್ಸ್ [ (√(1 + ಎಕ್ಸ್²) − 1) ÷ ಎಕ್ಸ್ ]. ಇದರ ಡೆರಿವೇಟಿವ್ ಬೇಕು.

ನೇರವಾಗಿ ಚೈನ್ ರೂಲ್ (ಫಂಕ್ಷನ್ ಒಳಗೆ ಫಂಕ್ಷನ್ ಇದ್ದಾಗ ಬಳಸುವ ನಿಯಮ), ಕೋಶೆಂಟ್ ರೂಲ್ (ಭಾಗಾಕಾರದ ನಿಯಮ) ಹಚ್ಚಿ ಹೊರಟರೆ ಒಂದು ಪುಟ ಹಿಡಿಯುತ್ತದೆ. ಮಾಡಬಹುದು, ಆದರೆ ದಾರಿಯಲ್ಲಿ ಎಡವಲು ಹತ್ತು ಜಾಗ ಇವೆ. ಈಗ ಎಕ್ಸ್ ಬದಲು ಟ್ಯಾನ್ ಥೀಟಾ ಹಾಕು. 1 + ಟ್ಯಾನ್² ಅಂದರೆ ಸೆಕ್², ರೂಟ್ ತೆಗೆದರೆ ಸೆಕ್. ಒಳಗೆ ಉಳಿಯುವುದು (ಸೆಕ್ ಥೀಟಾ − 1) ÷ ಟ್ಯಾನ್ ಥೀಟಾ. ಮೇಲೆ ಕೆಳಗೆ ಕಾಸ್ ಥೀಟಾದಿಂದ ಗುಣಿಸಿದರೆ (1 − ಕಾಸ್ ಥೀಟಾ) ÷ ಸೈನ್ ಥೀಟಾ. ಮೇಲಿನದು 2 ಸೈನ್²(ಥೀಟಾ/2). ಕೆಳಗಿನದು 2 ಸೈನ್(ಥೀಟಾ/2) ಕಾಸ್(ಥೀಟಾ/2). ಭಾಗಿಸಿದರೆ ಟ್ಯಾನ್(ಥೀಟಾ/2). ಹೊರಗೆ ಟ್ಯಾನ್ ಇನ್ವರ್ಸ್ ಕಾಯುತ್ತಾ ಇತ್ತು, ಎರಡೂ ಹೊಡೆದುಹೋಗಿ ವೈ = ಥೀಟಾ/2. ಅಂದರೆ ಟ್ಯಾನ್ ಇನ್ವರ್ಸ್ ಎಕ್ಸ್‌ನ ಅರ್ಧ. ಡೆರಿವೇಟಿವ್ 1 ÷ [2(1 + ಎಕ್ಸ್²)]. ಮುಗಿಯಿತು.

ಇದರಲ್ಲಿ ಕ್ಯಾಲ್ಕುಲಸ್ ಎಷ್ಟಿತ್ತು ಹೇಳು? ಕೊನೆಯ ಒಂದು ಸಾಲು. ಮಿಕ್ಕದ್ದೆಲ್ಲ ಫಸ್ಟ್ ಪಿಯುಸಿ ಟ್ರಿಗ್ನಾಮೆಟ್ರಿ. 'ಡಿಫರೆನ್ಷಿಯೇಷನ್ ಕಷ್ಟ' ಅಂತ ಅಳುವವರಲ್ಲಿ ಹೆಚ್ಚಿನವರಿಗೆ ಕಷ್ಟ ಆಗುತ್ತಿರುವುದು ಟ್ರಿಗ್.

ಹಾಗಾದರೆ ರಜೆಯಲ್ಲಿ ಏನು ಮಾಡಬೇಕು? ನಮ್ಮ ಕಡೆ ಏಪ್ರಿಲ್, ಮೇನಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಮಧ್ಯಾಹ್ನ ಓದುತ್ತೇನೆ ಅಂತ ಹಟ ಹಿಡಿಯಬೇಡ, ತಲೆ ಓಡುವುದಿಲ್ಲ. ಬೆಳಗ್ಗೆ ಎದ್ದು ಎರಡು ತಾಸು ಕೂತರೆ ಸಾಕು.

ಮೊದಲು ಫಂಕ್ಷನ್‌ಗಳು. ಎಕ್ಸ್², ಎಕ್ಸ್³, 1/ಎಕ್ಸ್, √ಎಕ್ಸ್, ಮಾಡ್ಯುಲಸ್ ಎಕ್ಸ್, ಸೈನ್, ಕಾಸ್, ಟ್ಯಾನ್, ಇ ಘಾತ ಎಕ್ಸ್, ಲಾಗ್ ಎಕ್ಸ್. ಇವುಗಳ ಗ್ರಾಫ್ ಕಣ್ಣು ಮುಚ್ಚಿದರೂ ಕಾಣಬೇಕು. ಗ್ರಾಫನ್ನು ಎರಡು ಮನೆ ಬಲಕ್ಕೆ ಸರಿಸಿದರೆ, ತಲೆಕೆಳಗು ಮಾಡಿದರೆ ಸಮೀಕರಣ ಏನಾಗುತ್ತದೆ ಅಂತ ಬರೆದು ನೋಡು. ಫೋನ್‌ನಲ್ಲಿ ಜಿಯೋಜೆಬ್ರಾ ಪುಕ್ಕಟೆ ಸಿಗುತ್ತದೆ, ಆದರೆ ಮೊದಲು ಕೈಯಿಂದ ಬಿಡಿಸು, ಆಮೇಲೆ ಅದರಲ್ಲಿ ತಾಳೆ ನೋಡು. ಕ್ರಮ ತಿರುಗಿಸಿದರೆ ಏನೂ ಕಲಿತಂತಲ್ಲ.

ಡೊಮೈನ್, ಅಂದರೆ ಎಕ್ಸ್‌ಗೆ ಯಾವ ಬೆಲೆಗಳನ್ನು ಹಾಕಬಹುದು ಅನ್ನುವುದು, ಅದರ ಬಗ್ಗೆ ಉದಾಸೀನ ಬೇಡ. √(9 − ಎಕ್ಸ್²) ಅಂದಕೂಡಲೇ ಎಕ್ಸ್ −3 ರಿಂದ 3 ರ ಒಳಗೇ ಇರಬೇಕು ಅಂತ ಹೊಳೆಯಬೇಕು. ರೂಟ್ ಒಳಗೆ ಮೈನಸ್ ಬರುವಂತಿಲ್ಲ. ಅಂದಹಾಗೆ ಈ ಮಾತು ನಮ್ಮ ನೆಲದ್ದೇ. ಸೇಡಂ ತಾಲೂಕಿನ ಮಳಖೇಡ ರಾಷ್ಟ್ರಕೂಟರ ರಾಜಧಾನಿ ಆಗಿತ್ತಲ್ಲ, ಅಲ್ಲಿ ಅಮೋಘವರ್ಷ ನೃಪತುಂಗ ಆಳುತ್ತಿದ್ದ ಕಾಲದ ಗಣಿತಜ್ಞ ಮಹಾವೀರಾಚಾರ್ಯ. ಋಣ ಸಂಖ್ಯೆ ಯಾವುದರ ವರ್ಗವೂ ಅಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲ ಇಲ್ಲ ಅಂತ 9ನೇ ಶತಮಾನದಲ್ಲೇ ಬರೆದಿಟ್ಟಿದ್ದಾನೆ. ಇರಲಿ. ಆ √(9 − ಎಕ್ಸ್²) ಗ್ರಾಫ್ ಬಿಡಿಸಿದರೆ ತ್ರಿಜ್ಯ 3 ಇರುವ ವೃತ್ತದ ಮೇಲಿನ ಅರ್ಧ ಬರುತ್ತದೆ. ಮುಂದೆ ಅದನ್ನೇ 0 ಯಿಂದ 3 ರವರೆಗೆ ಇಂಟಿಗ್ರೇಟ್ ಮಾಡು ಅಂದಾಗ, ಅದು ವೃತ್ತದ ಕಾಲು ಭಾಗ, ಉತ್ತರ 9ಪೈ/4 ಅಂತ ಲೆಕ್ಕ ಮಾಡುವ ಮೊದಲೇ ಗೊತ್ತಿರುತ್ತದೆ. ಗ್ರಾಫ್ ಬಲ್ಲವರಿಗೆ ಇದು ಬಿಟ್ಟಿ ಲಾಭ.

ಟ್ರಿಗ್ ಸೂತ್ರಗಳನ್ನು ಒಂದೇ ಹಾಳೆಯಲ್ಲಿ ನಿನ್ನ ಕೈಯಲ್ಲೇ ಬರೆ. ಅಚ್ಚಾದ ಚಾರ್ಟ್ ಗೋಡೆಗೆ ಅಂಟಿಸುವುದರಿಂದ ಗೋಡೆಗೆ ಲಾಭ, ನಿನಗಲ್ಲ. ಬರೆಯುವಾಗ ಯಾವುದರಿಂದ ಯಾವುದು ಬಂತು ಅಂತ ನೋಡು. ಸೈನ್(ಎ + ಬಿ), ಕಾಸ್(ಎ + ಬಿ) ಎರಡು ಗೊತ್ತಿದ್ದರೆ ಉಳಿದವು ಅವುಗಳ ಮಕ್ಕಳು, ಮೊಮ್ಮಕ್ಕಳು. ಲಾಗ್ ವಿಷಯಕ್ಕೂ ಒಂದೆರಡು ದಿನ ಕೊಡು. ಫಸ್ಟ್ ಪಿಯುಸಿ ಗಣಿತದಲ್ಲಿ ಅದಕ್ಕೆ ಸಿಗುವ ಗಮನ ಕಮ್ಮಿ, ಸೆಕೆಂಡ್ ಇಯರ್‌ನಲ್ಲಿ ಎಕ್ಸ್ ಘಾತ ಎಕ್ಸ್ ಡಿಫರೆನ್ಷಿಯೇಟ್ ಮಾಡು ಅಂದಾಗ ಏಕಾಏಕಿ ಅದೇ ಬೇಕು. ಲಾಗ್(ಎ + ಬಿ) ಅನ್ನು ಲಾಗ್ ಎ + ಲಾಗ್ ಬಿ ಅಂತ ಒಡೆಯುವ ಅಭ್ಯಾಸ ಇದ್ದರೆ ಈಗಲೇ ಬಿಟ್ಟುಬಿಡು.

ಈಗ ನಿನಗೆ ತಪ್ಪಿಹೋದ ಲಿಮಿಟ್ಸ್. ಅದು ಭಯಪಡುವಂಥದ್ದಲ್ಲ. (ಎಕ್ಸ್² − 9) ÷ (ಎಕ್ಸ್ − 3) ತೆಗೆದುಕೋ. ಎಕ್ಸ್ = 3 ಹಾಕಿದರೆ 0 ಭಾಗಿಸು 0, ಅರ್ಥವೇ ಇಲ್ಲ. ಆದರೆ 2.9 ಹಾಕು, 5.9 ಬರುತ್ತದೆ. 2.99 ಹಾಕು, 5.99. ಆ ಕಡೆಯಿಂದ 3.01 ಹಾಕು, 6.01. ಎರಡೂ ಕಡೆಯಿಂದ 6 ಕಡೆಗೇ ಬರುತ್ತಿದೆ, ಅಲ್ವಾ? ಲಿಮಿಟ್ 6. ಅಪವರ್ತನ ಮಾಡಿದರೆ ಎಕ್ಸ್ + 3 ಉಳಿಯುತ್ತದೆ, ಅಲ್ಲೂ 6. ಪುಸ್ತಕದ ಲಿಮಿಟ್ ಲೆಕ್ಕಗಳಲ್ಲಿ ಬಹುಪಾಲು ಇದೇ ಆಟ: ಸೊನ್ನೆ ಮಾಡುತ್ತಿರುವ ಭಾಗವನ್ನು ಅಪವರ್ತನದಿಂದಲೋ, ರೂಟ್‌ನ ಜೋಡಿಯಿಂದ (ಕಾಂಜುಗೇಟ್, ಅಂದರೆ ನಡುವಿನ ಚಿಹ್ನೆ ಬದಲಿಸಿದ ರೂಪ) ಗುಣಿಸಿಯೋ, ಟ್ರಿಗ್ ಸೂತ್ರದಿಂದಲೋ ಹೊಡೆದುಹಾಕುವುದು.

ಇನ್ನೊಂದು ಲಿಮಿಟ್ ಇದೆ, ಸೈನ್ ಎಕ್ಸ್ ÷ ಎಕ್ಸ್. ಎಕ್ಸ್ ಸೊನ್ನೆಗೆ ಹತ್ತಿರವಾದಂತೆ ಇದು 1 ಆಗುತ್ತದೆ. ಕ್ಯಾಲ್ಕುಲೇಟರ್‌ನಲ್ಲಿ 0.1 ಹಾಕಿ ನೋಡು. 0.998 ಬಂದರೆ ಸರಿ. 0.017 ಬಂದರೆ ಕ್ಯಾಲ್ಕುಲೇಟರ್ ಡಿಗ್ರಿ ಮೋಡ್‌ನಲ್ಲಿದೆ. ಆ 0.017 ಬೇರೆ ಏನೂ ಅಲ್ಲ, ಪೈ/180. ಸೈನ್ ಎಕ್ಸ್‌ನ ಡೆರಿವೇಟಿವ್ ಕಾಸ್ ಎಕ್ಸ್ ಆಗುವುದು ರೇಡಿಯನ್‌ನಲ್ಲಿ ಮಾತ್ರ. ಡಿಗ್ರಿಯಲ್ಲಿ ಕೊಟ್ಟರೆ ಈ ಪೈ/180 ಮುಂದೆ ಬಂದು ನಿಲ್ಲುತ್ತದೆ. ಒಂದು ಅಂಕದ ಪ್ರಶ್ನೆಗೆ ಹೇಳಿ ಮಾಡಿಸಿದ ವಿಷಯ.

ಜೂನ್‌ನಲ್ಲಿ ಕಾಲೇಜು ಶುರುವಾದ ಮೇಲೆ ಡಿಫರೆನ್ಷಿಯೇಷನ್ ಬರುತ್ತದೆ. ಅಲ್ಲಿ ಚೈನ್ ರೂಲ್ ಒಂದನ್ನು ಕೈಗೆ ಕೂರಿಸಿಕೊಂಡರೆ ಮುಕ್ಕಾಲು ಕೆಲಸ ಆದಂತೆ. ಅದರ ಬಳಕೆಯಲ್ಲಿ ಹುಡುಗರು ಎಡವುವುದು ದರದ ಲೆಕ್ಕದಲ್ಲಿ, ಅಂದರೆ ರೇಟ್ ಆಫ್ ಚೇಂಜ್. ಇದನ್ನು ನಮ್ಮ ಹೊಲದಲ್ಲೇ ನೋಡೋಣ.

ತೊಗರಿ ರಾಶಿ ನಡೆದಿದೆ ಅಂದುಕೋ. ಮಷೀನ್‌ನಿಂದ ನಿಮಿಷಕ್ಕೆ 0.05 ಘನ ಮೀಟರ್, ಅಂದರೆ 50 ಲೀಟರ್‌ನಷ್ಟು ಕಾಳು ಬೀಳುತ್ತಿದೆ. ಕೆಳಗೆ ಶಂಕುವಿನ ಆಕಾರದ ಗುಡ್ಡೆ ಬೆಳೆಯುತ್ತಿದೆ. ಕಾಳಿನ ಗುಡ್ಡೆ ಎಷ್ಟೇ ದೊಡ್ಡದಾದರೂ ಅದರ ಇಳಿಜಾರು ಸುಮಾರು ಹಾಗೇ ಇರುತ್ತದೆ, ಗಮನಿಸಿರಬಹುದು. ಹಾಗಾಗಿ ಎತ್ತರ ಯಾವಾಗಲೂ ತ್ರಿಜ್ಯದ ಅರ್ಧ ಅಂತ ಇಟ್ಟುಕೊಳ್ಳೋಣ. ಗುಡ್ಡೆ ಅರ್ಧ ಮೀಟರ್ ಎತ್ತರ ಇದ್ದಾಗ ಎತ್ತರ ಎಷ್ಟು ವೇಗವಾಗಿ ಏರುತ್ತಿರುತ್ತದೆ?

ಶಂಕುವಿನ ಘನಫಲ 1/3 × ಪೈ × ತ್ರಿಜ್ಯ² × ಎತ್ತರ. ಇಲ್ಲಿ ಎರಡು ಚರ ಇವೆ. ಬೇಕಾದ್ದು ಎತ್ತರ, ಆದ್ದರಿಂದ ತ್ರಿಜ್ಯವನ್ನು ಓಡಿಸಬೇಕು. ತ್ರಿಜ್ಯ = 2 × ಎತ್ತರ ಹಾಕಿದರೆ ಘನಫಲ = 4/3 × ಪೈ × ಎತ್ತರ³. ಈಗ ಕಾಲಕ್ಕೆ ಡಿಫರೆನ್ಷಿಯೇಟ್ ಮಾಡು: ಘನಫಲದ ದರ = 4 × ಪೈ × ಎತ್ತರ² × ಎತ್ತರದ ದರ. ಎತ್ತರ 0.5 ಹಾಕಿದರೆ 4 × ಪೈ × 0.25, ಅಂದರೆ ಬರೀ ಪೈ. ಎತ್ತರದ ದರ 0.05 ÷ ಪೈ, ನಿಮಿಷಕ್ಕೆ ಸುಮಾರು 1.6 ಸೆಂಟಿಮೀಟರ್. ಗುಡ್ಡೆ ಒಂದು ಮೀಟರ್ ಆದಾಗ ಇದೇ ಲೆಕ್ಕ ಮಾಡು, 0.4 ಸೆಂಟಿಮೀಟರ್ ಬರುತ್ತದೆ. ಎತ್ತರ ಎರಡು ಪಟ್ಟಾದರೆ ಏರುವ ವೇಗ ಕಾಲು ಭಾಗಕ್ಕೆ ಇಳಿಯಿತು. ಮಷೀನ್ ಅದೇ, ಕಾಳು ಬೀಳುವ ದರವೂ ಅದೇ. ಗುಡ್ಡೆ ಅಗಲಕ್ಕೂ ಹರಡುತ್ತಿದೆ, ಅದಕ್ಕೇ ಹೀಗೆ.

ಎಲ್ಲಿ ತಪ್ಪುತ್ತಾರೆ ಗೊತ್ತಾ? ಡಿಫರೆನ್ಷಿಯೇಟ್ ಮಾಡುವ ಮೊದಲೇ ಎತ್ತರ = 0.5 ಹಾಕಿಬಿಡುತ್ತಾರೆ. ಆಗ ಘನಫಲ ಬರೀ ಒಂದು ಸಂಖ್ಯೆ. ಸಂಖ್ಯೆಯ ಡೆರಿವೇಟಿವ್ ಸೊನ್ನೆ. ಕಾಳು ಬೀಳುತ್ತಲೇ ಇದೆ, ಇವರ ಪ್ರಕಾರ ಗುಡ್ಡೆ ನಿಂತುಬಿಟ್ಟಿದೆ! ಬದಲಾಗುತ್ತಿರುವುದಕ್ಕೆ ಬೆಲೆ ಹಾಕುವುದು ಡಿಫರೆನ್ಷಿಯೇಷನ್ ಆದ ಮೇಲೆ. ತ್ರಿಜ್ಯವನ್ನು ಓಡಿಸುವ ಕೆಲಸ ಮತ್ತೆ ಹಳೇ ಬೀಜಗಣಿತವೇ, ನೋಡಿದೆಯಲ್ಲ.

ಇಂಟಿಗ್ರೇಷನ್ ಅಂದರೆ ಡಿಫರೆನ್ಷಿಯೇಷನ್ನನ್ನು ತಿರುಗಿಸುವುದು, ಆದರೆ ಅದರ ಸ್ವಭಾವವೇ ಬೇರೆ. ಡಿಫರೆನ್ಷಿಯೇಷನ್‌ನಲ್ಲಿ ನಿಯಮ ಹಿಡಿದು ನಡೆದರೆ ಉತ್ತರ ಬಂದೇ ಬರುತ್ತದೆ. ಇಲ್ಲಿ ಮೊದಲು ಲೆಕ್ಕದ ಮುಖ ಗುರುತಿಸಬೇಕು: ಇದು ಸಬ್‌ಸ್ಟಿಟ್ಯೂಷನ್ನಾ, ಪಾರ್ಷಿಯಲ್ ಫ್ರ್ಯಾಕ್ಷನ್ನಾ, ಬೈ ಪಾರ್ಟ್ಸಾ? ಆ ಕಣ್ಣು ಬರುವುದು ತುಂಬಾ ಲೆಕ್ಕ ಮಾಡಿದ ಮೇಲೇ. ಅದಕ್ಕೆ ಒಂದು ಉಪಾಯ ಇದೆ. ಅಭ್ಯಾಸದ ಲೆಕ್ಕಗಳನ್ನು ಬಿಡಿಸುವ ಮೊದಲು, ಇಡೀ ಪಟ್ಟಿಯಲ್ಲಿ ಪ್ರತಿ ಲೆಕ್ಕದ ಪಕ್ಕ ಯಾವ ವಿಧಾನ ಅಂತ ಪೆನ್ಸಿಲ್‌ನಲ್ಲಿ ಬರೆ. ಆಮೇಲೆ ಬಿಡಿಸು. ಊಹೆ ತಪ್ಪಿದ ಕಡೆ ಸುತ್ತು ಹಾಕು. ನೀನು ಮತ್ತೆ ನೋಡಬೇಕಾದ್ದು ಆ ಸುತ್ತುಗಳನ್ನು ಮಾತ್ರ. ಪ್ರತಿ ಉತ್ತರವನ್ನೂ ತಿರುಗಿ ಡಿಫರೆನ್ಷಿಯೇಟ್ ಮಾಡಿ ತಾಳೆ ನೋಡುವ ರೂಢಿ ಇಟ್ಟುಕೋ. ಕೊನೆಯಲ್ಲಿ ಸೇರಿಸುವ ಸ್ಥಿರಾಂಕ '+ ಸಿ' ಮರೆಯಬೇಡ. ಕ್ಷೇತ್ರಫಲ, ಡಿಫರೆನ್ಷಿಯಲ್ ಈಕ್ವೇಷನ್ ಎರಡೂ ಇಂಟಿಗ್ರೇಷನ್ ಚೆನ್ನಾಗಿದ್ದರೆ ತಾವಾಗಿ ಬರುತ್ತವೆ, ಅವುಗಳ ಬಗ್ಗೆ ಈಗ ತಲೆ ಕೆಡಿಸಿಕೊಳ್ಳಬೇಡ.

ಬೋರ್ಡ್ ಬೇರೆ, ಸಿಇಟಿ ಬೇರೆಯಾ? ಪಾಠ ಒಂದೇ, ಎರಡೂ ನಿಂತಿರುವುದು ಎನ್‌ಸಿಇಆರ್‌ಟಿ ಪುಸ್ತಕದ ಮೇಲೆ. ಬರೆಯುವ ರೀತಿ ಬೇರೆ. ಬೋರ್ಡ್‌ನಲ್ಲಿ ಥಿಯರಿಗೆ 80 ಅಂಕ, ಆಂತರಿಕ ಮೌಲ್ಯಮಾಪನಕ್ಕೆ 20. ಹೆಜ್ಜೆ ಹೆಜ್ಜೆಗೂ ಅಂಕ ಇದೆ, ಕೊನೆಯ ಉತ್ತರ ತಪ್ಪಿದರೂ ಸರಿಯಾದ ಸಾಲುಗಳಿಗೆ ಅಂಕ ಸಿಗುತ್ತದೆ. ಸಿಇಟಿ ಗಣಿತದಲ್ಲಿ 60 ಪ್ರಶ್ನೆ, 80 ನಿಮಿಷ. ತಪ್ಪು ಉತ್ತರಕ್ಕೆ ಅಂಕ ಕಡಿತ ಇಲ್ಲ, ಆದ್ದರಿಂದ ಒಂದನ್ನೂ ಖಾಲಿ ಬಿಡಬಾರದು. ಫಸ್ಟ್ ಪಿಯುಸಿ ಪಾಠದಿಂದಲೂ ಪ್ರಶ್ನೆ ಬರುತ್ತವೆ, ಅಲ್ಲಿಗೆ ನಿನ್ನ ರಜೆಯ ಕೆಲಸಕ್ಕೆ ಎರಡು ಸಲ ಫಲ. ಎಂಜಿನಿಯರಿಂಗ್ ರ್‍ಯಾಂಕ್‌ಗೆ ಬೋರ್ಡ್‌ನ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕ ಅರ್ಧ, ಸಿಇಟಿ ಅಂಕ ಅರ್ಧ.

ಒಂದೇ ಲೆಕ್ಕ ಎರಡು ಕಡೆ ಹೇಗೆ ಕೆಲಸ ಮಾಡುತ್ತದೆ ನೋಡು. √ಸೈನ್ ಎಕ್ಸ್ ÷ (√ಸೈನ್ ಎಕ್ಸ್ + √ಕಾಸ್ ಎಕ್ಸ್), 0 ಯಿಂದ ಪೈ/2 ರವರೆಗೆ ಇಂಟಿಗ್ರೇಟ್ ಮಾಡಬೇಕು. ಎಕ್ಸ್ ಬದಲು ಪೈ/2 − ಎಕ್ಸ್ ಹಾಕಿದರೆ ಸೈನ್ ಕಾಸ್ ಆಗುತ್ತದೆ, ಕಾಸ್ ಸೈನ್ ಆಗುತ್ತದೆ, ಉತ್ತರ ಬದಲಾಗುವುದಿಲ್ಲ. ಎರಡನ್ನೂ ಕೂಡಿಸಿದರೆ ಒಳಗೆ ಬರೀ 1. ಎರಡು ಪಟ್ಟು ಉತ್ತರ ಪೈ/2, ಹಾಗಾಗಿ ಉತ್ತರ ಪೈ/4. ಬೋರ್ಡ್‌ನಲ್ಲಿ ಇಂಥದ್ದು 6 ಅಂಕಕ್ಕೆ ಬಂದರೆ ಆ ಗುಣಲಕ್ಷಣವನ್ನು ಮೊದಲು ಸಾಧಿಸಿ ತೋರಿಸಿ, ನಂತರ ಎಲ್ಲ ಸಾಲು ಬರೆಯಬೇಕು. ಸಿಇಟಿಯಲ್ಲಿ ಮುಖ ನೋಡಿದ ಕೂಡಲೇ 'ಅಂತರದ ಅರ್ಧ' ಅಂತ ಗುರುತು ಹಾಕಿ ಮುಂದೆ ಹೋಗಬೇಕು. ಸಾಧನೆ ಬರೆದು ಕಲಿತವಳಿಗೆ ಶಾರ್ಟ್‌ಕಟ್ ತಾನಾಗಿ ಬರುತ್ತದೆ. ಬರೀ ಶಾರ್ಟ್‌ಕಟ್ ಕಲಿತವಳಿಗೆ ಸಾಧನೆ ಬರುವುದಿಲ್ಲ. ಆದ್ದರಿಂದ ಡಿಸೆಂಬರ್ ತನಕ ಬೋರ್ಡ್ ರೀತಿಯಲ್ಲೇ ಉದ್ದಕ್ಕೆ ಬರೆ. ಜನವರಿಯಿಂದ ವಾರಕ್ಕೊಂದು ಸಲ ಗಡಿಯಾರ ಇಟ್ಟುಕೊಂಡು ಹಳೇ ಸಿಇಟಿ ಪೇಪರ್ ಮಾಡು.

ನಮ್ಮ ಭಾಗದ ಮಕ್ಕಳಿಗೆ 371ಜೆ (ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ ಸಂವಿಧಾನದ ವಿಧಿ) ಇದೆಯಲ್ಲ ಅಂತ ಕೆಲವರು ಆರಾಮ ಇರುತ್ತಾರೆ. ಅದು ಸೀಟಿಗೆ ನೆರವಾಗುತ್ತದೆ, ಖಂಡಿತ. ಎಂಜಿನಿಯರಿಂಗ್ ಮೊದಲ ಸೆಮಿಸ್ಟರ್ ಗಣಿತಕ್ಕೆ ನೆರವಾಗುವುದಿಲ್ಲ. ಅಲ್ಲಿ ಇದೇ ಕ್ಯಾಲ್ಕುಲಸ್ ಮುಂದುವರಿಯುತ್ತದೆ.

ಇನ್ನು ಹಳೇ ಗೈಡ್. ಲೆಕ್ಕಕ್ಕೆ ಅಭ್ಯಂತರ ಇಲ್ಲ, ಆದರೆ ಪಠ್ಯ ಕಡಿಮೆ ಮಾಡಿದ ಮೇಲೆ ಕೆಲವು ಭಾಗ ತೆಗೆದುಹಾಕಿದ್ದಾರೆ: ರೋಲ್ಸ್ ಥಿಯರಮ್ ಮತ್ತು ಮೀನ್ ವ್ಯಾಲ್ಯೂ ಥಿಯರಮ್, ಟ್ಯಾಂಜೆಂಟ್ ಮತ್ತು ನಾರ್ಮಲ್, ಅಪ್ರಾಕ್ಸಿಮೇಷನ್, ಮೊತ್ತದ ಲಿಮಿಟ್ ಆಗಿ ಇಂಟಿಗ್ರಲ್, ಎರಡು ವಕ್ರರೇಖೆಗಳ ನಡುವಿನ ಕ್ಷೇತ್ರಫಲ. 2024ರ ಸಿಇಟಿಯಲ್ಲಿ ಇಂಥ ಪಠ್ಯದಾಚೆಯ ಪ್ರಶ್ನೆಗಳು ಬಂದು ದೊಡ್ಡ ಗಲಾಟೆ ಆಯಿತು, ಕೊನೆಗೆ ಎಲ್ಲ ವಿಷಯ ಸೇರಿ 50 ಪ್ರಶ್ನೆ ಕೈಬಿಟ್ಟರು. ಎನ್‌ಸಿಇಆರ್‌ಟಿ ವೆಬ್‌ಸೈಟ್‌ನಲ್ಲಿ ಈಗಿನ ಪುಸ್ತಕ ಪುಕ್ಕಟೆ ಸಿಗುತ್ತದೆ. ಅದರ ಪರಿವಿಡಿ ಪಕ್ಕದಲ್ಲಿಟ್ಟುಕೊಂಡು, ಅದರಲ್ಲಿ ಇಲ್ಲದ ಭಾಗಗಳಿಗೆಲ್ಲ ಗೈಡ್‌ನಲ್ಲಿ ಪೆನ್ಸಿಲ್ ಗೆರೆ ಎಳೆದುಬಿಡು. ಟ್ಯಾಂಜೆಂಟ್ ಭಾಗ ಒಂದನ್ನು ಮಾತ್ರ ಪರೀಕ್ಷೆಗೆ ಇಲ್ಲದಿದ್ದರೂ ಒಂದು ಸಲ ಓದು. ಡೆರಿವೇಟಿವ್ ಅಂದರೆ ಗ್ರಾಫ್‌ನ ಇಳಿಜಾರು ಅನ್ನುವುದು ಅಲ್ಲಿ ಕಣ್ಣಿಗೆ ಕಂಡಷ್ಟು ಬೇರೆಲ್ಲೂ ಕಾಣುವುದಿಲ್ಲ, ಮ್ಯಾಕ್ಸಿಮಾ ಮಿನಿಮಾ ಪಾಠಕ್ಕೆ ಅದು ಬೇಕಾಗುತ್ತದೆ.